ಉತ್ತರಪಾಡಾದ ದಾರಿಯಲ್ಲಿ ಉರುಳಿದ ಬಂಡಿ: ಬ್ರಿಸ್ಟಲ್‌ನಿಂದ ಬಂದ ಮೇರಿ ಕಾರ್ಪೆಂಟರ್

ಅದು 1866ರ ಡಿಸೆಂಬರ್ 14. ಕಲ್ಕತ್ತಾದ ಆಚೆ ದಂಡೆಯಲ್ಲಿ, ಹೂಗ್ಲಿ ನದಿಯ ಪಕ್ಕದಲ್ಲಿರುವ ಉತ್ತರಪಾಡಾ ಎಂಬ ಊರಿನ ಹೆಣ್ಣುಮಕ್ಕಳ ಶಾಲೆಗೆ ಆ ದಿನ ಗಣ್ಯರ ತಂಡವೊಂದು ಭೇಟಿ ನೀಡಿತ್ತು. ಬಂಗಾಳದ ಶಿಕ್ಷಣ ಇಲಾಖೆಯ ನಿರ್ದೇಶಕ ಅಟ್ಕಿನ್‌ಸನ್, ಶಾಲಾ ಇನ್‌ಸ್ಪೆಕ್ಟರ್ ವುಡ್ರೋ, ಪಂಡಿತ ಈಶ್ವರಚಂದ್ರ ವಿದ್ಯಾಸಾಗರ ಮತ್ತು ಇಂಗ್ಲೆಂಡಿನಿಂದ ಆಗಷ್ಟೇ ಬಂದಿದ್ದ 59 ವರ್ಷದ ಅವಿವಾಹಿತ ಮಹಿಳೆ ಮೇರಿ ಕಾರ್ಪೆಂಟರ್ ಆ ತಂಡದಲ್ಲಿದ್ದರು. ಶಾಲೆಯನ್ನು ನೋಡಿ ಹಿಂದಿರುಗುವಾಗ ಬಾಲಿಯ ಬಳಿ ತಿರುವೊಂದರಲ್ಲಿ ವಿದ್ಯಾಸಾಗರರು ಕುಳಿತಿದ್ದ ಬಂಡಿ ಮಗುಚಿ ಬಿತ್ತು. ನೆಲಕ್ಕೆ ಅಪ್ಪಳಿಸಿದ ಪಂಡಿತರು ಪ್ರಜ್ಞೆ ತಪ್ಪಿದರು.

ಮುಂದಿನ ಗಾಡಿಯಲ್ಲಿದ್ದ ಕಾರ್ಪೆಂಟರ್ ಇಳಿದು ಬಂದು ಧೂಳಿನ ರಸ್ತೆಯಲ್ಲೇ ಕುಳಿತರು. ವಿದ್ಯಾಸಾಗರರ ತಲೆಯನ್ನು ತಮ್ಮ ಮಡಿಲಿನಲ್ಲಿರಿಸಿಕೊಂಡು ಕರವಸ್ತ್ರದಿಂದ ಮುಖ ಒರೆಸಿ ಉಪಚರಿಸಿದರು. ಹಿಂದೂ ಪಂಡಿತನೊಬ್ಬನನ್ನು ಬಿಳಿಯ ಮಹಿಳೆ ನಡುಬೀದಿಯಲ್ಲಿ ಹೀಗೆ ಶುಶ್ರೂಷೆ ಮಾಡಿದ್ದು ಆ ಕಾಲಕ್ಕೆ ಸಾಮಾನ್ಯ ದೃಶ್ಯವೇನೂ ಅಲ್ಲ. ವಿದ್ಯಾಸಾಗರರ ಜೀವನಚರಿತ್ರೆಕಾರರು ಯಾರೂ ಈ ಪ್ರಸಂಗವನ್ನು ಬಿಟ್ಟುಬಿಡುವುದಿಲ್ಲ. ಯಕೃತ್ತಿಗೆ ಬಿದ್ದ ಆ ಪೆಟ್ಟಿನಿಂದ ಅವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. 1891ರಲ್ಲಿ ತೀರಿಕೊಳ್ಳುವವರೆಗೂ ಅನಾರೋಗ್ಯ ಅವರನ್ನು ಕಾಡುತ್ತಲೇ ಇತ್ತು.

ಆದರೆ ಆ ಭೇಟಿ ಇತಿಹಾಸದಲ್ಲಿ ಉಳಿದಿರುವುದು ಅಪಘಾತದ ಕಾರಣದಿಂದ ಮಾತ್ರವಲ್ಲ. ಅಂಥ ಶಾಲೆಗಳನ್ನು ಒಂದಾದ ಮೇಲೊಂದು ನೋಡುತ್ತ ಸಾಗಿದ ಕಾರ್ಪೆಂಟರ್ ಅವರಿಗೆ ಕಾಣಿಸಿದ ಕೊರತೆಯೊಂದು ಮುಂದೆ ಸರ್ಕಾರದ ಕಡತಗಳಿಗೆ ಏರಿತು. ಅದೇ ಕೊರತೆಯ ವಿಚಾರದಲ್ಲಿ ಅವರಿಗೂ ವಿದ್ಯಾಸಾಗರರಿಗೂ ಭಿನ್ನಾಭಿಪ್ರಾಯ ಮೂಡಿತು. ಇಬ್ಬರೂ ಹೆಣ್ಣುಮಕ್ಕಳ ಓದಿಗಾಗಿ ಬಾಳು ಸವೆಸಿದವರು ಎಂಬುದೇ ಈ ಭಿನ್ನಾಭಿಪ್ರಾಯವನ್ನು ಇಂದಿಗೂ ಗಮನಿಸುವಂತೆ ಮಾಡಿದೆ.

ಪಾದ್ರಿಯ ಮಗಳು

ಮೇರಿ ಕಾರ್ಪೆಂಟರ್ ಹುಟ್ಟಿದ್ದು 1807ರ ಏಪ್ರಿಲ್ 3ರಂದು, ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ. ತಂದೆ ಲ್ಯಾಂಟ್ ಕಾರ್ಪೆಂಟರ್ ಯುನಿಟೇರಿಯನ್ ಪಂಥದ ಪಾದ್ರಿ. ದೇವರು ಒಬ್ಬನೇ, ತ್ರಿತ್ವವೆಂಬುದಿಲ್ಲ ಎಂದು ನಂಬುವ ಈ ಪಂಥವನ್ನು ಇತರ ಕ್ರೈಸ್ತರು ಅನುಮಾನದಿಂದಲೇ ನೋಡುತ್ತಿದ್ದರು. ಕುಟುಂಬ 1817ರಲ್ಲಿ ಬ್ರಿಸ್ಟಲ್‌ಗೆ ಬಂದು ನೆಲೆಸಿತು. ಅಲ್ಲಿ ಲ್ಯಾಂಟ್ ಅವರು ಗಂಡುಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದರು. ಆ ಹುಡುಗರ ಜೊತೆಗೇ ಕುಳಿತು ಮೇರಿ ಲ್ಯಾಟಿನ್, ಗ್ರೀಕ್, ಗಣಿತ ಮತ್ತು ವಿಜ್ಞಾನ ಕಲಿತರು. ಇಂಗ್ಲೆಂಡಿನ ಹೆಣ್ಣುಮಕ್ಕಳಿಗೂ ಆಗ ಇಂಥ ಓದು ಸುಲಭವಾಗಿ ದಕ್ಕುತ್ತಿರಲಿಲ್ಲ. ಯುವತಿಯಾಗಿದ್ದಾಗ ಕೆಲಕಾಲ ಮನೆಪಾಠ ಹೇಳಿದ ಬಳಿಕ, 1829ರಲ್ಲಿ ತಾಯಿ ಮತ್ತು ಸಹೋದರಿಯರೊಂದಿಗೆ ಸೇರಿ ಬ್ರಿಸ್ಟಲ್‌ನಲ್ಲಿ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆದರು.

ಅವರ ಬದುಕಿನ ದಿಕ್ಕನ್ನು ಬದಲಿಸಿದ್ದು 1833. ಅದೇ ವರ್ಷ ಇಬ್ಬರು ಅತಿಥಿಗಳು ಬ್ರಿಸ್ಟಲ್‌ಗೆ ಬಂದರು.

ಮೊದಲನೆಯವರು ರಾಜಾ ರಾಮಮೋಹನ ರಾಯರು. ಸತಿ ಪದ್ಧತಿಯ ವಿರುದ್ಧ ಹೋರಾಡಿ, ಮೊಗಲ್ ಬಾದಶಹನ ಪ್ರತಿನಿಧಿಯಾಗಿ ಇಂಗ್ಲೆಂಡಿಗೆ ಬಂದಿದ್ದ ಅವರು ಸೆಪ್ಟೆಂಬರ್‌ನಲ್ಲಿ ಲ್ಯಾಂಟ್ ಕಾರ್ಪೆಂಟರ್ ಅವರ ಆಪ್ತವಲಯದವರ ಮನೆಯಾದ ಸ್ಟೇಪಲ್‌ಟನ್ ಗ್ರೋವ್‌ನಲ್ಲಿ ಉಳಿದುಕೊಂಡಿದ್ದರು. 26 ವರ್ಷದ ಮೇರಿಗೆ ಅವರನ್ನು ಹತ್ತಿರದಿಂದ ಕಾಣುವ ಅವಕಾಶ ಸಿಕ್ಕಿತು. ಆದರೆ ಕೆಲವೇ ದಿನಗಳಲ್ಲಿ ರಾಯರಿಗೆ ಜ್ವರ ಬಂದು, ಸೆಪ್ಟೆಂಬರ್ 27ರಂದು ಅಲ್ಲಿಯೇ ಕೊನೆಯುಸಿರೆಳೆದರು. ಸಾವಿನ ಕುರಿತು ಮೇರಿ ಸಾನೆಟ್‌ಗಳನ್ನು ಬರೆದರು. ಭಾರತದ ಕುರಿತ ಒಲವು ಮೂಡಿದ್ದು ಆಗಲೇ. ಅದು ಕಾರ್ಯರೂಪಕ್ಕೆ ಬರಲು ಮಾತ್ರ 33 ವರ್ಷ ಬೇಕಾಯಿತು.

ಎರಡನೆಯವರು ಅಮೆರಿಕದ ಬೋಸ್ಟನ್ನಿನ ಬಡಕೇರಿಗಳಲ್ಲಿ ದುಡಿಯುತ್ತಿದ್ದ ಜೋಸೆಫ್ ಟಕರ್‌ಮನ್. ಆತನೊಂದಿಗೆ ಬ್ರಿಸ್ಟಲ್‌ನ ಓಣಿಗಳಲ್ಲಿ ನಡೆಯುತ್ತಿದ್ದಾಗ ಚಿಂದಿ ಬಟ್ಟೆಯ ಹುಡುಗನೊಬ್ಬ ಎದುರಿಗೆ ಓಡಿಹೋದನಂತೆ. ಅಂಥ ಮಗುವನ್ನು ಅದರ ಮನೆಯವರೆಗೂ ಹಿಂಬಾಲಿಸಿ ವಿಚಾರಿಸಬೇಕು ಎಂದು ಟಕರ್‌ಮನ್ ಹೇಳಿದ ಮಾತು ಮೇರಿಯ ಮನಸ್ಸಿನಲ್ಲಿ ಬೇರೂರಿತು.

ಚಿಂದಿ ಉಟ್ಟ ಮಕ್ಕಳ ಶಾಲೆ

ತಂದೆ 1840ರಲ್ಲಿ ಹಡಗಿನಿಂದ ಸಮುದ್ರಕ್ಕೆ ಬಿದ್ದು ಸಾವನ್ನಪ್ಪಿದ್ದು ಮೇರಿಗೆ ದೊಡ್ಡ ಆಘಾತವಾಯಿತು. ಕೆಲವು ವರ್ಷಗಳ ನಂತರ, 1846ರಲ್ಲಿ, ಬ್ರಿಸ್ಟಲ್‌ನ ಲೂಯಿನ್ಸ್ ಮೀಡ್ ಎಂಬ ಕೊಳೆಗೇರಿಯಲ್ಲಿ ಅವರು ಶಾಲೆ ಆರಂಭಿಸಿದರು. ಅಲ್ಲಿಗೆ ಬರುತ್ತಿದ್ದವರು ಬೇರೆ ಯಾವ ಶಾಲೆಯೂ ಸೇರಿಸಿಕೊಳ್ಳದ, ಮೈಮೇಲೆ ನೆಟ್ಟಗೆ ಬಟ್ಟೆಯೂ ಇಲ್ಲದ ಮಕ್ಕಳು. ಅವರಲ್ಲಿ ಎಷ್ಟೋ ಮಂದಿ ಸಣ್ಣಪುಟ್ಟ ಕಳ್ಳತನಕ್ಕೆ ಸಿಕ್ಕಿಬಿದ್ದು ದೊಡ್ಡವರ ಜೈಲಿಗೇ ಹೋಗುತ್ತಿದ್ದರು.

ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಪಳಗಿದ ಅಪರಾಧಿಗಳ ನಡುವೆ ಕೂಡಿಹಾಕುವುದು ಯಾವ ನ್ಯಾಯ ಎಂಬುದು ಮೇರಿಯ ಪ್ರಶ್ನೆಯಾಗಿತ್ತು. 1851ರಲ್ಲಿ ಸುಧಾರಣಾ ಶಾಲೆಗಳ ಕುರಿತು ಅವರು ಬರೆದ ಪುಸ್ತಕ ಇಂಗ್ಲೆಂಡಿನಲ್ಲಿ ಚರ್ಚೆ ಹುಟ್ಟುಹಾಕಿತು. ಮರುವರ್ಷ ಕಿಂಗ್ಸ್‌ವುಡ್‌ನಲ್ಲಿ ಸುಧಾರಣಾಲಯವೊಂದು ಆರಂಭವಾಯಿತು. 1854ರಲ್ಲಿ ಕವಿ ಬೈರನ್ನನ ವಿಧವೆ ಲೇಡಿ ಬೈರನ್ ಖರೀದಿಸಿಕೊಟ್ಟ ರೆಡ್ ಲಾಡ್ಜ್ ಎಂಬ ಹಳೆಯ ಕಟ್ಟಡದಲ್ಲಿ ಹುಡುಗಿಯರಿಗೆಂದೇ ಪ್ರತ್ಯೇಕ ಸುಧಾರಣಾಲಯ ತೆರೆಯಿತು. ಬಾಲಾಪರಾಧಿಗಳನ್ನು ಜೈಲಿನ ಬದಲು ಇಂಥ ಶಾಲೆಗಳಿಗೆ ಕಳುಹಿಸಲು ಅವಕಾಶ ಕೊಡುವ ಕಾನೂನನ್ನು ಬ್ರಿಟಿಷ್ ಸಂಸತ್ತು ಅಂಗೀಕರಿಸಿದ್ದೂ ಅದೇ 1854ರಲ್ಲಿ. ಅದರ ಹಿಂದೆ ಮೇರಿಯ ಒತ್ತಾಯ ಬಹಳಷ್ಟಿತ್ತು. ಅವರು ಮದುವೆಯಾಗಲಿಲ್ಲ. 1858ರಲ್ಲಿ ಐದು ವರ್ಷದ ಹೆಣ್ಣುಮಗುವೊಂದನ್ನು ದತ್ತು ತೆಗೆದುಕೊಂಡರು.

ಇಷ್ಟಕ್ಕೇ ನಿಂತಿದ್ದರೂ ಮೇರಿ ಕಾರ್ಪೆಂಟರ್ ಹೆಸರು ಇಂಗ್ಲೆಂಡಿನ ಸಾಮಾಜಿಕ ಚರಿತ್ರೆಯಲ್ಲಿ ಉಳಿಯುತ್ತಿತ್ತು. ಆದರೆ 1860ರ ದಶಕದ ಆರಂಭದಲ್ಲಿ ಭಾರತದ ಕೆಲ ಯುವಕರು ಬ್ರಿಸ್ಟಲ್‌ಗೆ ಬಂದರು. ಅವರಲ್ಲಿ ಒಬ್ಬರು ಐಸಿಎಸ್‌ಗೆ ಆಯ್ಕೆಯಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್. ರವೀಂದ್ರನಾಥರ ಅಣ್ಣನಾದ ಈತ ಮುಂದೆ 1880ರ ದಶಕದಲ್ಲಿ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತರುಣ ರವೀಂದ್ರರು ಕಾರವಾರದ ಕಡಲತೀರಕ್ಕೆ ಬಂದದ್ದು ಅಣ್ಣನ ಮನೆಗೇ. ಇನ್ನೊಬ್ಬರು ಬ್ಯಾರಿಸ್ಟರ್ ಓದಲು ಬಂದಿದ್ದ ಮನಮೋಹನ ಘೋಷ್. ಈ ಯುವಕರ ಮಾತುಗಳು ಹಳೆಯ ಒಲವನ್ನು ಕೆದಕಿದವು. ರಾಮಮೋಹನ ರಾಯರ ಕೊನೆಯ ದಿನಗಳ ಕುರಿತ ಪುಸ್ತಕವನ್ನು ಪ್ರಕಟಿಸಿ, 1866ರ ಸೆಪ್ಟೆಂಬರ್‌ನಲ್ಲಿ ಸ್ವದೇಶಕ್ಕೆ ಮರಳುತ್ತಿದ್ದ ಘೋಷ್ ಅವರ ಜೊತೆ ಮೇರಿ ಹಡಗು ಹತ್ತಿದರು.

ಅವರಿಗೆ ಸಂಬಳವಿರಲಿಲ್ಲ, ಸರ್ಕಾರಿ ಹುದ್ದೆಯಿರಲಿಲ್ಲ. ಯಾವ ಮಿಷನ್ ಸಂಸ್ಥೆಯೂ ಅವರನ್ನು ಕಳುಹಿಸಿರಲಿಲ್ಲ.

ಹಳೆಯ ಮಿಷನರಿಗಳ ನಾಡಿನಲ್ಲಿ

ಭಾರತದಲ್ಲಿ ಆ ವೇಳೆಗೆ ಹೆಣ್ಣುಮಕ್ಕಳ ಶಾಲೆಗಳು ಹೊಸತೇನಲ್ಲ. ಕಲ್ಕತ್ತಾದಲ್ಲಿ ಮೇರಿ ಆ್ಯನ್ ಕುಕ್ ಎಂಬ ಮಿಷನರಿ ಮಹಿಳೆ 1820ರ ದಶಕದ ಆರಂಭದಲ್ಲೇ ಬಡ ಹುಡುಗಿಯರಿಗೆ ಪಾಠ ಹೇಳಿದ್ದರು. ಮುಂಬೈಗೆ 1829ರಲ್ಲಿ ಬಂದ ಸ್ಕಾಟ್ಲೆಂಡಿನ ಜಾನ್ ವಿಲ್ಸನ್ ಅವರ ಪತ್ನಿ ಮಾರ್ಗರೆಟ್ ಮರಾಠಿ ಕಲಿತು ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸಿ, 1835ರಲ್ಲಿ ಅಲ್ಲಿಯೇ ಮಡಿದರು. ವಿಲ್ಸನ್ ಮಾತ್ರ 1866ರಲ್ಲೂ ಮುಂಬೈಯಲ್ಲೇ ಇದ್ದರು. ಅವರ ವಾಸ ಆ ಹೊತ್ತಿಗೆ ಮೂರೂವರೆ ದಶಕ ದಾಟಿತ್ತು.

ಮಿಷನರಿಗಳಲ್ಲದವರೂ ಕೆಲಸ ಮಾಡಿದ್ದರು. ದಾದಾಭಾಯಿ ನವರೋಜಿ ಮತ್ತು ಗೆಳೆಯರು 1849ರಲ್ಲಿ ಮುಂಬೈಯಲ್ಲಿ ಹೆಣ್ಣುಮಕ್ಕಳಿಗೆ ತರಗತಿ ತೆರೆದರು. ಅಹಮದಾಬಾದ್‌ನಲ್ಲಿ ಜೈನ ವರ್ತಕ ಕುಟುಂಬಗಳು ಶಾಲೆಗಳಿಗೆ ಹಣ ಕೊಟ್ಟವು. ಕಲ್ಕತ್ತಾದಲ್ಲಿ ಗವರ್ನರ್ ಜನರಲ್ ಕೌನ್ಸಿಲಿನ ಸದಸ್ಯ ಬೆಥೂನ್ 1849ರಲ್ಲಿ ತೆರೆದ ಶಾಲೆ ಬಂಗಾಳದ ಗಣ್ಯರ ಮನೆಯ ಹುಡುಗಿಯರಿಗೆ ಬಾಗಿಲು ತೆರೆಯಿತು. ಹುಡುಗಿಯರನ್ನು ಕರೆತರುತ್ತಿದ್ದ ಗಾಡಿಯ ಮೇಲೆ, ಮಗಳನ್ನೂ ಮಗನಂತೆಯೇ ಓದಿಸಬೇಕೆಂದು ಸಾರುವ ಸಂಸ್ಕೃತ ಶ್ಲೋಕ ಬರೆಸಲಾಗಿತ್ತು. ಶಾಸ್ತ್ರದ ಒಪ್ಪಿಗೆಯಿದೆ ಎಂದು ಬೀದಿಗೆಲ್ಲ ತೋರಿಸಬೇಕಿತ್ತಲ್ಲವೇ?

ಮೇರಿ ಕಾರ್ಪೆಂಟರ್ ಮುಂಬೈಗೆ ಬಂದಿಳಿದು ಅಹಮದಾಬಾದ್‌ಗೆ ಹೋದರು. ಸತ್ಯೇಂದ್ರನಾಥ ಟಾಗೋರ್ ಆಗ ಅಲ್ಲಿ ನ್ಯಾಯಾಂಗ ಅಧಿಕಾರಿ. ಬಳಿಕ ಸೂರತ್, ಮತ್ತೆ ಮುಂಬೈ, ಮದ್ರಾಸ್, ಕೊನೆಗೆ ಕಲ್ಕತ್ತಾ. ಹೋದ ಕಡೆಯಲ್ಲೆಲ್ಲ ಅವರು ಜೈಲು, ಆಸ್ಪತ್ರೆ, ಶಾಲೆಗಳನ್ನು ನೋಡಿದರು. ಸರ್ಕಾರಿ ಶಾಲೆ, ಖಾಸಗಿ ಶಾಲೆ, ಮಿಷನ್ ಶಾಲೆ ಎಂಬ ಭೇದ ಮಾಡಲಿಲ್ಲ.

ಮಿಷನರಿಗಳ ನಡುವೆ ಅವರ ಸ್ಥಾನ ಸ್ವಲ್ಪ ಇಕ್ಕಟ್ಟಿನದೇ ಆಗಿತ್ತು. ಪಾದ್ರಿಯ ಮಗಳಾದರೂ ಯುನಿಟೇರಿಯನ್ ಆದ್ದರಿಂದ ಸಾಂಪ್ರದಾಯಿಕ ಮಿಷನರಿಗಳಿಗೆ ಅವರ ಕ್ರೈಸ್ತತ್ವವೇ ಅನುಮಾನ. ಕ್ರೈಸ್ತಳಾದ್ದರಿಂದ ಹಿಂದೂ ಮನೆಗಳಿಗೆ ಮತಾಂತರದ ಭಯ. ಈ ಎರಡರ ನಡುವೆ ನಿಂತು ಅವರು ತಾವು ಯಾರ ಧರ್ಮದ ತಂಟೆಗೂ ಹೋಗುವುದಿಲ್ಲವೆಂದು ಸ್ಪಷ್ಟಪಡಿಸಿದರು. ರಾಮಮೋಹನ ರಾಯರ ಹೆಸರೇ ಅವರಿಗೆ ಪರಿಚಯಪತ್ರವಾಯಿತು. ಬ್ರಾಹ್ಮ ಸಮಾಜದ ಮನೆಗಳು, ಅದರಲ್ಲೂ ಕೇಶವಚಂದ್ರ ಸೇನ್ ಅವರ ಬಳಗ, ಅವರನ್ನು ಬರಮಾಡಿಕೊಂಡವು. ಪರಪುರುಷರ ಎದುರು ಬಾರದಿದ್ದ ಬ್ರಾಹ್ಮ ಮನೆತನದ ಮಹಿಳೆಯರಲ್ಲಿ ಕೆಲವರು ಈ ಅತಿಥಿಯ ಗೌರವಾರ್ಥ ನಡೆದ ಕೂಟದಲ್ಲಿ ಪಾಲ್ಗೊಂಡದ್ದು ಕಲ್ಕತ್ತಾದಲ್ಲಿ ಸುದ್ದಿಯಾಯಿತು.

ಕಲ್ಕತ್ತಾದಲ್ಲಿ ಅವರಿಗೆ ನೆರವಾದ ಮಿಷನರಿಗಳ ಪೈಕಿ ಜೇಮ್ಸ್ ಲಾಂಗ್ ಅವರನ್ನು ನೆನೆಯಲೇಬೇಕು. 1840ರಿಂದಲೂ ಬಂಗಾಳದಲ್ಲಿದ್ದು, ಠಾಕುರ್‌ಪುಕುರ್ ಎಂಬಲ್ಲಿ ಬಂಗಾಳಿ ಭಾಷೆಯಲ್ಲೇ ಕಲಿಸುವ ಶಾಲೆ ನಡೆಸುತ್ತಿದ್ದ ಐರಿಷ್ ಪಾದ್ರಿ ಅವರು. ನೀಲಿ ಬೆಳೆಯ ತೋಟಗಾರರ ದೌರ್ಜನ್ಯವನ್ನು ಚಿತ್ರಿಸಿದ ದೀನಬಂಧು ಮಿತ್ರರ ‘ನೀಲ್ ದರ್ಪಣ್’ ನಾಟಕದ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ್ದಕ್ಕೆ 1861ರಲ್ಲಿ ಅವರಿಗೆ ಒಂದು ತಿಂಗಳ ಜೈಲು ಮತ್ತು 1000 ರೂಪಾಯಿ ದಂಡ ವಿಧಿಸಲಾಗಿತ್ತು. ದಂಡದ ಹಣವನ್ನು ಸ್ಥಳದಲ್ಲೇ ಕಟ್ಟಿದವರು ಕಾಳೀಪ್ರಸನ್ನ ಸಿಂಹ ಎಂಬ ಬಂಗಾಳಿ ಸಾಹಿತಿ. ಬಿಳಿಯರ ಸಂಘಗಳಿಗೆ ಬೇಡವಾಗಿದ್ದ ಈ ಪಾದ್ರಿಗೆ ಬಂಗಾಳದ ಮನೆಗಳ ಬಾಗಿಲು ತೆರೆದಿತ್ತು. ಲಾಂಗ್ ಮತ್ತು ಕಾರ್ಪೆಂಟರ್ ಅವರ ಪ್ರಯತ್ನದಿಂದ 1867ರ ಜನವರಿಯಲ್ಲಿ ಬಂಗಾಳ ಸಮಾಜ ವಿಜ್ಞಾನ ಸಂಘ ಸ್ಥಾಪನೆಯಾಯಿತು. ಭಾರತೀಯರೂ ಯುರೋಪಿಯನ್ನರೂ ಒಟ್ಟಿಗೆ ಕುಳಿತು ಶಿಕ್ಷಣ, ಆರೋಗ್ಯ, ಕಾನೂನುಗಳ ಕುರಿತು ಪ್ರಬಂಧ ಓದುವ ವೇದಿಕೆ ಅದಾಯಿತು. 1855ರಿಂದ ಕಲ್ಕತ್ತಾದಲ್ಲಿದ್ದ ಅಮೆರಿಕದ ಚಾರ್ಲ್ಸ್ ಡಾಲ್ ಅವರೂ ಮೇರಿಯ ಹಾಗೆ ಯುನಿಟೇರಿಯನ್. ಪತ್ನಿ, ಮಕ್ಕಳನ್ನು ಬೋಸ್ಟನ್ನಿನಲ್ಲಿ ಬಿಟ್ಟು ಬಂದ ಅವರು 1886ರಲ್ಲಿ ಸಾಯುವವರೆಗೂ ಇಲ್ಲಿಯೇ ಶಾಲೆಗಳನ್ನು ನಡೆಸಿದರು.

ಪಂಡಿತರು, ಪುಟ್ಟ ಹುಡುಗಿಯರು

ಶಾಲೆಗಳಲ್ಲಿ ಮೇರಿ ಕಂಡದ್ದೇನು? ಪುಟ್ಟ ಹುಡುಗಿಯರು, ಎದುರಿಗೆ ಗಂಡು ಪಂಡಿತರು. ಹತ್ತು ವರ್ಷ ಆಸುಪಾಸಿನಲ್ಲಿ ಮದುವೆಯಾಗಿ, ಅಕ್ಷರ ಕೈಗೆ ಹತ್ತುವ ಹೊತ್ತಿಗೆ ಹುಡುಗಿ ಶಾಲೆ ಬಿಡುತ್ತಿದ್ದಳು. ಆ ವಯಸ್ಸಿನ ನಂತರ ಗಂಡಸಿನ ಮುಂದೆ ಕುಳಿತು ಪಾಠ ಕೇಳಲು ಮನೆಯವರು ಒಪ್ಪುತ್ತಿರಲಿಲ್ಲ. ಹಾಗಾಗಿ ಕಲಿತು ದೊಡ್ಡವಳಾಗಿ ಕಲಿಸುವ ಹೆಣ್ಣು ತಯಾರಾಗುತ್ತಲೇ ಇರಲಿಲ್ಲ. ಕಲಿಸುವ ಹೆಣ್ಣಿಲ್ಲದೆ ಹುಡುಗಿ ಮುಂದೆ ಓದುವಂತಿರಲಿಲ್ಲ. ಹೆಚ್ಚುಕಡಿಮೆ ಮಿಷನ್ ಶಾಲೆಗಳಲ್ಲಿ ಮಾತ್ರ ಶಿಕ್ಷಕಿಯರಿದ್ದರು. ಅಲ್ಲಿ ಬೈಬಲ್ ಪಾಠ ಕಡ್ಡಾಯವಾದ್ದರಿಂದ ಮೇಲ್ವರ್ಗದ ಮನೆಯವರು ಮಕ್ಕಳನ್ನು ಕಳುಹಿಸಲು ಹಿಂಜರಿಯುತ್ತಿದ್ದರು.

ಈ ಸುಳಿಯನ್ನು ಒಡೆಯಬೇಕಾದರೆ ಶಿಕ್ಷಕಿಯರನ್ನು ತಯಾರು ಮಾಡುವ ಸಂಸ್ಥೆ ಬೇಕು ಎಂಬ ತೀರ್ಮಾನಕ್ಕೆ ಮೇರಿ ಬಂದರು. ನಾರ್ಮಲ್ ಸ್ಕೂಲ್ ಎಂದು ಆಗ ಕರೆಯುತ್ತಿದ್ದ ತರಬೇತಿ ಶಾಲೆಯನ್ನು ಸರ್ಕಾರವೇ ತೆರೆಯಬೇಕು, ಅಲ್ಲಿ ಧರ್ಮಬೋಧನೆ ಇರಕೂಡದು, ಮೊದಮೊದಲು ಇಂಗ್ಲೆಂಡಿನಿಂದ ನುರಿತ ಶಿಕ್ಷಕಿಯರನ್ನು ಕರೆಸಬೇಕು ಎಂಬುದು ಅವರ ಯೋಜನೆ. ಕಲ್ಕತ್ತಾದಲ್ಲಿ ಸಭೆಗಳು ನಡೆದವು, ಸರ್ಕಾರಕ್ಕೆ ಮನವಿ ಹೋಯಿತು. ವೈಸ್‌ರಾಯ್ ಜಾನ್ ಲಾರೆನ್ಸ್ ಅವರಿಗೂ ವಿಚಾರ ತಲುಪಿತು.

ಕೇಳಲು ಸರಳವಾದ ಈ ಯೋಜನೆಗೆ ಒಪ್ಪದವರು ವಿದ್ಯಾಸಾಗರ.

ಅವರ ಹಿಂಜರಿಕೆಯನ್ನು ಸಂಪ್ರದಾಯವಾದವೆಂದು ತಳ್ಳಿಹಾಕುವಂತಿಲ್ಲ. ವಿಧವಾ ವಿವಾಹಕ್ಕೆ 1856ರಲ್ಲಿ ಕಾನೂನಿನ ಮನ್ನಣೆ ದೊರಕಿಸಿಕೊಡಲು ಶ್ರಮಿಸಿದವರು ಅವರೇ. ಬೆಥೂನ್ ಶಾಲೆಯ ಆಡಳಿತ ಸಮಿತಿಯ ಕಾರ್ಯದರ್ಶಿಯಾಗಿದ್ದವರೂ ಅವರೇ. ಶಾಲಾ ಇನ್‌ಸ್ಪೆಕ್ಟರ್ ಆಗಿದ್ದಾಗ 1857–58ರ ಕೆಲವೇ ತಿಂಗಳಲ್ಲಿ ಬಂಗಾಳದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗಾಗಿ 35 ಶಾಲೆಗಳನ್ನು ತೆರೆದಿದ್ದರು. ಸುಮಾರು 1,300 ಹುಡುಗಿಯರು ಸೇರಿದ್ದರು. ನಂಬಿಸಿದ್ದ ಸರ್ಕಾರ ಕೊನೆಗೆ ಹಣ ಕೊಡಲು ಹಿಂದೇಟು ಹಾಕಿತು. ಶಿಕ್ಷಕರ ಬಾಕಿ ಸಂಬಳದ ಹೊರೆ ಅವರ ತಲೆಯ ಮೇಲೆ ಬಿತ್ತು. 1858ರಲ್ಲಿ ಅವರು ಸರ್ಕಾರಿ ನೌಕರಿಗೇ ರಾಜೀನಾಮೆ ಕೊಟ್ಟು ಹೊರಬಂದರು. ಸರ್ಕಾರದ ಉತ್ಸಾಹ ಎಷ್ಟು ದಿನದ್ದು ಎಂಬುದು ಅನುಭವದಿಂದ ಗೊತ್ತಿದ್ದ ಮನುಷ್ಯ.

1867ರಲ್ಲಿ ಲೆಫ್ಟಿನೆಂಟ್ ಗವರ್ನರ್ ವಿಲಿಯಂ ಗ್ರೇ ಅವರಿಗೆ ಬರೆದ ಪತ್ರದಲ್ಲಿ ವಿದ್ಯಾಸಾಗರರು ತಮ್ಮ ನಿಲುವನ್ನು ತಿಳಿಸಿದರು. ಶಿಕ್ಷಕಿಯರು ಬೇಕೆಂಬುದರಲ್ಲಿ ಅವರಿಗೆ ಎರಡು ಮಾತಿರಲಿಲ್ಲ. ಆದರೆ ಹತ್ತು ಹನ್ನೊಂದು ವರ್ಷದ ಹುಡುಗಿಯನ್ನೇ ಹೊಸ್ತಿಲು ದಾಟಿಸದ ಮನೆಗಳು, ಪ್ರಾಯದ ಹೆಣ್ಣುಮಕ್ಕಳನ್ನು ತರಬೇತಿಗೆ, ಆಮೇಲೆ ನೌಕರಿಗೆ ಕಳುಹಿಸುತ್ತವೆಯೇ? ಉಳಿಯುವುದು ದಿಕ್ಕಿಲ್ಲದ ವಿಧವೆಯರು. ಅವರು ಮನೆಯಿಂದ ಹೊರಬಂದರೆ ಸಮಾಜ ಶಂಕಿಸುತ್ತದೆ. ಶಂಕೆಗೆ ಒಳಗಾದವರ ಬಳಿಗೆ ಯಾರೂ ಮಕ್ಕಳನ್ನು ಕಳುಹಿಸುವುದಿಲ್ಲ. ಇದು ಅವರ ವಾದದ ತಿರುಳು. ತಮ್ಮ ಮನಸ್ಸಿಗೆ ವಿರುದ್ಧವಾದರೂ ವಾಸ್ತವವನ್ನು ಹೇಳಲೇಬೇಕಾಗಿದೆ ಎಂಬ ಧಾಟಿಯಲ್ಲಿ ಆ ಪತ್ರವಿದೆ.

ಉತ್ತರಪಾಡಾದ ರಸ್ತೆಯಲ್ಲಿ ಅವರ ತಲೆಯನ್ನು ಮಡಿಲಲ್ಲಿಟ್ಟುಕೊಂಡಿದ್ದ ಮಹಿಳೆಯ ಯೋಜನೆಯ ವಿರುದ್ಧವೇ, ಒಂದು ವರ್ಷ ತುಂಬುವುದರೊಳಗೆ, ಅದೇ ಪೆಟ್ಟಿನಿಂದ ನರಳುತ್ತಿದ್ದ ವಿದ್ಯಾಸಾಗರರು ಹೀಗೆ ಬರೆಯಬೇಕಾಗಿ ಬಂತು. ಇಬ್ಬರ ನಡುವಿನ ಗೌರವಕ್ಕೆ ಇದರಿಂದ ಕುಂದುಂಟಾದ ಸೂಚನೆಯಿಲ್ಲ.

ಸಂಬಳವಿಲ್ಲದ ಸೂಪರಿಂಟೆಂಡೆಂಟ್

1867ರ ವಸಂತದ ವೇಳೆಗೆ ಇಂಗ್ಲೆಂಡಿಗೆ ಮರಳಿದ ಮೇರಿ, ಮರುವರ್ಷ ‘ಸಿಕ್ಸ್ ಮಂತ್ಸ್ ಇನ್ ಇಂಡಿಯಾ’ ಎಂಬ ಎರಡು ಸಂಪುಟಗಳ ಪುಸ್ತಕ ಪ್ರಕಟಿಸಿದರು. ಲಂಡನ್ನಿನ ಮಂತ್ರಿಗಳನ್ನು ಕಂಡು ಒತ್ತಾಯಿಸಿದರು. ಭಾರತ ಸರ್ಕಾರ ಮೂರೂ ಪ್ರೆಸಿಡೆನ್ಸಿಗಳಲ್ಲಿ ಶಿಕ್ಷಕಿಯರ ತರಬೇತಿ ಶಾಲೆಗೆ ಸಮ್ಮತಿಸಿತು.

ಹೇಳಿದ ಮಾತಿಗೆ ತಾವೇ ಹೆಗಲು ಕೊಡಬೇಕೆಂದು 1868ರ ಕೊನೆಯಲ್ಲಿ ಅವರು ಮತ್ತೆ ಮುಂಬೈಗೆ ಬಂದರು. ಆಗ ವಯಸ್ಸು 61. ಮುಂಬೈಯ ತರಬೇತಿ ಶಾಲೆಯನ್ನು ವೇತನವಿಲ್ಲದೆ ನಡೆಸಿಕೊಡುವುದಾಗಿ ಮುಂದೆ ಬಂದಾಗ ಸರ್ಕಾರ ಒಪ್ಪಿತು. ಶಾಲೆಗೆ ಬಂದವರು ಬೆರಳೆಣಿಕೆಯಷ್ಟು ಮಂದಿ. ಸೆಕೆಗೂ ದುಡಿಮೆಗೂ ಮೇರಿಯ ದೇಹ ತಡೆಯಲಿಲ್ಲ. ಆರೋಗ್ಯ ಕೆಟ್ಟು 1869ರಲ್ಲಿ ಹಿಂದಿರುಗಬೇಕಾಯಿತು. ಅದೇ ವರ್ಷದ ಕೊನೆಯಲ್ಲಿ ಮೂರನೇ ಬಾರಿ ಬಂದರಾದರೂ ಹೆಚ್ಚು ದಿನ ಉಳಿಯಲಿಲ್ಲ.

ಕಲ್ಕತ್ತಾದಲ್ಲಿ ಏನಾಯಿತು? ಬೆಥೂನ್ ಶಾಲೆಗೆ ಹೊಂದಿಕೊಂಡಂತೆ ತರಬೇತಿ ಶಾಲೆ 1869ರಲ್ಲಿ ಆರಂಭವಾಯಿತು. ವಿದ್ಯಾಸಾಗರರು ಹೇಳಿದ್ದೇ ನಡೆಯಿತು. ವಿದ್ಯಾರ್ಥಿನಿಯರು ಸಿಗಲಿಲ್ಲ. 1872ರಲ್ಲಿ ಲೆಫ್ಟಿನೆಂಟ್ ಗವರ್ನರ್ ಜಾರ್ಜ್ ಕ್ಯಾಂಪ್‌ಬೆಲ್ ಅದನ್ನು ಮುಚ್ಚಿಸಿದರು. ಮೂರು ವರ್ಷದ ಪ್ರಯೋಗ ಅಲ್ಲಿಗೆ ಮುಗಿಯಿತು.

ಲೆಕ್ಕ ಇಷ್ಟೇ ಆಗಿದ್ದರೆ ಪಂಡಿತರು ಗೆದ್ದರು, ಬ್ರಿಸ್ಟಲ್‌ನ ಶಿಕ್ಷಕಿ ಸೋತರು ಎಂದು ಬರೆದು ಮುಗಿಸಬಹುದಿತ್ತು. ಆದರೆ ಎಲ್ಲ ಕಡೆ ಹಾಗಾಗಲಿಲ್ಲ. ಮದ್ರಾಸಿನಲ್ಲಿ 1870ರಲ್ಲಿ ಆರಂಭವಾದ ಶಿಕ್ಷಕಿಯರ ತರಬೇತಿ ಶಾಲೆ ಉಳಿದುಕೊಂಡಿತು. ಪುಣೆ ಮತ್ತು ಅಹಮದಾಬಾದ್‌ಗಳಲ್ಲಿ 1870ರ ದಶಕದಲ್ಲಿ ಮಹಿಳಾ ತರಬೇತಿ ಕಾಲೇಜುಗಳು ಬೇರುಬಿಟ್ಟವು. ಬಂಗಾಳದ ಮೇಲ್ವರ್ಗದ ಮನೆಗಳನ್ನು ಬಲ್ಲ ವಿದ್ಯಾಸಾಗರರ ಎಣಿಕೆ ಬಂಗಾಳದ ಮಟ್ಟಿಗೆ ಸರಿಯಾಗಿತ್ತು. ಇಡೀ ದೇಶಕ್ಕೆ ಒಂದೇ ಅಳತೆಗೋಲು ಹಿಡಿದ ತಪ್ಪು ಮೇರಿಯದೂ ಆಗಿತ್ತು, ಅವರ ಟೀಕಾಕಾರರದೂ ಆಗಿತ್ತು ಎನ್ನಬೇಕು.

ಮೇರಿಯಲ್ಲಿ ಕೊರತೆಗಳೂ ಇದ್ದವು. ಭಾರತದ ಯಾವ ಭಾಷೆಯನ್ನೂ ಅವರು ಆಳವಾಗಿ ಕಲಿಯಲಿಲ್ಲ. ಅವರು ಬೆರೆತದ್ದು ಇಂಗ್ಲಿಷ್ ಬಲ್ಲ ನಗರದ ಕುಟುಂಬಗಳೊಂದಿಗೆ. ಇಂಗ್ಲಿಷ್ ಮಹಿಳೆಯೇ ದಾರಿ ತೋರಬೇಕೆಂಬ ಆ ಕಾಲದ ಸಾಮ್ರಾಜ್ಯದ ಧೋರಣೆಯಿಂದ ಅವರು ಪೂರ್ತಿ ಮುಕ್ತರಾಗಿರಲಿಲ್ಲ. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆ 1848ರಲ್ಲೇ ಶಿಕ್ಷಕಿಯಾಗಿ ನಿಂತಿದ್ದರು. ಬ್ರಿಸ್ಟಲ್‌ನಿಂದ ಯಾರೂ ಬರುವ ಮೊದಲೇ, ಜ್ಯೋತಿಬಾ ಅವರ ಮನೆಯಿಂದಲೇ ಈ ದೇಶದ ಶಿಕ್ಷಕಿಯೊಬ್ಬರು ಹೊರಬಂದಿದ್ದರು. ಸರ್ಕಾರಿ ಚರ್ಚೆಯಲ್ಲಿ ಆ ಉದಾಹರಣೆಗೆ ಸಿಗಬೇಕಾದಷ್ಟು ಜಾಗ ಸಿಗಲಿಲ್ಲ.

ಬ್ರಿಸ್ಟಲ್‌ನಿಂದ ಬೆಳಗಾವಿಯವರೆಗೆ

ಕೇಶವಚಂದ್ರ ಸೇನ್ 1870ರಲ್ಲಿ ಇಂಗ್ಲೆಂಡಿಗೆ ಹೋದಾಗ ಬ್ರಿಸ್ಟಲ್‌ಗೂ ಬಂದರು. ಅದೇ ಸಂದರ್ಭದಲ್ಲಿ ಮೇರಿ ನ್ಯಾಷನಲ್ ಇಂಡಿಯನ್ ಅಸೋಸಿಯೇಷನ್ ಎಂಬ ಸಂಸ್ಥೆ ಸ್ಥಾಪಿಸಿದರು. ಭಾರತದ ವಿಷಯಗಳನ್ನು ಇಂಗ್ಲೆಂಡಿನ ಜನರಿಗೆ ತಿಳಿಸುವುದು, ಇಲ್ಲಿನ ಸ್ತ್ರೀಶಿಕ್ಷಣಕ್ಕೆ ನೆರವಾಗುವುದು, ಓದಲು ಬರುವ ಭಾರತೀಯ ವಿದ್ಯಾರ್ಥಿಗಳಿಗೆ ಆಸರೆಯಾಗುವುದು ಅದರ ಉದ್ದೇಶ.

ಮೇರಿಯ ನಂತರ ಈ ಸಂಸ್ಥೆಯನ್ನು ಲಂಡನ್ನಿನಿಂದ ನಡೆಸಿದ ಎಲಿಜಬೆತ್ ಮ್ಯಾನಿಂಗ್ ಅವರು, ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದ ಮೊದಲ ಮಹಿಳೆ ಕೊರ್ನೇಲಿಯಾ ಸೊರಾಬ್ಜಿ ಅವರ ಬೆನ್ನಿಗೆ ನಿಂತರು. ಕೊರ್ನೇಲಿಯಾ ಬಾಲ್ಯದ ಕೆಲ ವರ್ಷಗಳನ್ನು ಬೆಳಗಾವಿಯಲ್ಲಿ ಕಳೆದವರು. ತಂದೆ ಮಿಷನರಿ, ತಾಯಿ ಫ್ರಾನ್ಸಿನಾ ಪುಣೆಯಲ್ಲಿ ಶಾಲೆಗಳನ್ನು ನಡೆಸಿದವರು.

ಇಂಗ್ಲೆಂಡಿನಲ್ಲಿ ಕೇಶವಚಂದ್ರರ ಭಾಷಣ ಕೇಳಿ ಪ್ರೇರಿತರಾದ ಇನ್ನೊಬ್ಬ ಯುನಿಟೇರಿಯನ್ ಮಹಿಳೆ ಆ್ಯನೆಟ್ ಅಕ್ರಾಯ್ಡ್, 1872ರ ಡಿಸೆಂಬರ್‌ನಲ್ಲಿ ಕಲ್ಕತ್ತಾಗೆ ಬಂದರು. ನಾರ್ಮಲ್ ಸ್ಕೂಲ್ ಮುಚ್ಚಿದ ವರ್ಷವದು. ಮೇರಿಯನ್ನು ಕರೆತಂದಿದ್ದ ಅದೇ ಮನಮೋಹನ ಘೋಷ್ ಇವರಿಗೂ ನೆರವಾದರು. ಆ್ಯನೆಟ್ 1873ರಲ್ಲಿ ಹಿಂದೂ ಮಹಿಳಾ ವಿದ್ಯಾಲಯ ತೆರೆದರು. ಪ್ರಾಯದ ಹುಡುಗಿಯರಿಗೆಂದೇ ತೆರೆದ ವಸತಿ ಶಾಲೆ ಅದು. 1875ರಲ್ಲಿ ಮದುವೆಯಾಗಿ ಆ್ಯನೆಟ್ ಹೊರನಡೆದರೂ, ಶಾಲೆ ಬಂಗ ಮಹಿಳಾ ವಿದ್ಯಾಲಯವೆಂಬ ಹೊಸ ಹೆಸರಿನಲ್ಲಿ ಮುಂದುವರಿದು 1878ರಲ್ಲಿ ಬೆಥೂನ್ ಶಾಲೆಯೊಂದಿಗೆ ವಿಲೀನವಾಯಿತು. ಅಲ್ಲಿ ಓದಿದ ಕಾದಂಬಿನಿ ಬಸು 1883ರಲ್ಲಿ ಚಂದ್ರಮುಖಿ ಬಸು ಅವರೊಂದಿಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಪದವಿ ಪಡೆದರು. ಕಾದಂಬಿನಿ ಮುಂದೆ ವೈದ್ಯೆಯಾದರು. ಚಂದ್ರಮುಖಿ ಬೆಥೂನ್ ಕಾಲೇಜಿನ ಪ್ರಾಂಶುಪಾಲರಾದರು. ಎರಡು ದಶಕಗಳ ಹಿಂದೆ ಗಂಡು ಪಂಡಿತರಷ್ಟೇ ಸಿಗುತ್ತಿದ್ದ ಊರಿನಲ್ಲಿ ಮಹಿಳಾ ಕಾಲೇಜಿನ ಹೊಣೆ ಮಹಿಳೆಯ ಕೈಗೆ ಬಂದಿತ್ತು. ಇದನ್ನು ನೋಡಲು ವಿದ್ಯಾಸಾಗರರು ಬದುಕಿದ್ದರು. ಚಂದ್ರಮುಖಿ ಎಂ.ಎ. ಪದವಿ ಪಡೆದಾಗ ಅವರಿಗೆ ಷೇಕ್ಸ್‌ಪಿಯರ್ ಕೃತಿಗಳ ಸಂಪುಟವನ್ನು ಉಡುಗೊರೆಯಾಗಿ ಕಳುಹಿಸಿದರು.

ಮೇರಿ ಇರಲಿಲ್ಲ. 1875ರಲ್ಲಿ, 68ನೇ ವಯಸ್ಸಿನಲ್ಲಿ ನಾಲ್ಕನೆಯ ಬಾರಿ ಭಾರತಕ್ಕೆ ಬಂದು ಜೈಲುಗಳನ್ನೂ ಶಾಲೆಗಳನ್ನೂ ಮತ್ತೊಮ್ಮೆ ನೋಡಿ ಹೋದದ್ದೇ ಕೊನೆ. 1877ರ ಜೂನ್ ಮಧ್ಯದಲ್ಲಿ ಒಂದು ರಾತ್ರಿ ಬ್ರಿಸ್ಟಲ್‌ನ ಮನೆಯಲ್ಲಿ ನಿದ್ರೆಯಲ್ಲೇ ತೀರಿಕೊಂಡರು. ಬ್ರಿಸ್ಟಲ್ ಕೆಥೀಡ್ರಲ್‌ನಲ್ಲಿ ಅವರ ಸ್ಮರಣಫಲಕವಿದೆ. ರೆಡ್ ಲಾಡ್ಜ್ ಈಗ ವಸ್ತುಸಂಗ್ರಹಾಲಯ.

ಅವರ ಸಮಾಧಿ ಇರುವುದು ಬ್ರಿಸ್ಟಲ್‌ನ ಆರ್ನೋಸ್ ವೇಲ್ ಸ್ಮಶಾನದಲ್ಲಿ. ಸ್ಟೇಪಲ್‌ಟನ್‌ನ ತೋಟದಲ್ಲಿ ಮೊದಲು ಹೂಳಲಾಗಿದ್ದ ರಾಮಮೋಹನ ರಾಯರ ದೇಹವನ್ನು 1843ರಲ್ಲಿ ತಂದಿರಿಸಿ, ಸತ್ಯೇಂದ್ರನಾಥರ ಅಜ್ಜ ದ್ವಾರಕಾನಾಥ ಟಾಗೋರರು ಭಾರತೀಯ ಶೈಲಿಯ ಛತ್ರಿ ಕಟ್ಟಿಸಿದ್ದೂ ಅದೇ ಸ್ಮಶಾನದಲ್ಲಿ.